ತಿಂಗಳಿಗೆ ಎರಡು ಸಾವಿರ, ಆಫೀಸ್ ಬಟ್ಟೆ: ಮುಂಬೈಯಲ್ಲಿ ಹಳೆಯದು ಕೊಳ್ಳೋದಾ, ಹೊಲಿಯೋದಾ?

ಘಾಟ್ಕೋಪರ್ ಪಿಜಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಬಂದು ಘಾಟ್ಕೋಪರ್‌ನಲ್ಲಿ ಪಿಜಿಯಲ್ಲಿದ್ದೇನೆ. ಕೆಲಸ ಬಿಕೆಸಿಯಲ್ಲಿ, ಅಂದರೆ ದೊಡ್ಡ ದೊಡ್ಡ ಆಫೀಸ್‌ಗಳಿರುವ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ. ಅಲ್ಲಿ ಲಿಫ್ಟ್ ಹತ್ತಿದರೆ ಎಲ್ಲರೂ ಈಗಷ್ಟೇ ಶೋರೂಮ್‌ನಿಂದ ಇಳಿದು ಬಂದವರ ಹಾಗೆ ಕಾಣುತ್ತಾರೆ. ಬಾಡಿಗೆ, ಊಟ, ಟ್ರೇನ್ ಪಾಸು, ಮನೆಗೆ ಕಳಿಸೋದು ಎಲ್ಲ ಕಳೆದು ಬಟ್ಟೆಗೆ ತಿಂಗಳಿಗೆ 2000 ರೂಪಾಯಿ ಉಳಿದರೆ ಜಾಸ್ತಿ. ಆನ್‌ಲೈನ್‌ನಲ್ಲಿ 399ರ ಕುರ್ತಾ ತರಿಸಿದರೆ ಎರಡು ಒಗೆತಕ್ಕೆ ಬದಿಯ ಹೊಲಿಗೆ ತಿರುಚಿಕೊಂಡು ಹೊಟ್ಟೆ ಮೇಲೆ ಬಂದು ಕೂರುತ್ತದೆ.

ನೇರ ಹೊಲಿಗೆ ಬರುತ್ತದೆ, ಅಮ್ಮ ಕಲಿಸಿದ್ದಾರೆ. ಬ್ಲೌಸ್ ಹೊಲಿಯಲು ಬರುವುದಿಲ್ಲ. ಇಲ್ಲಿ ಸೆಕೆಂಡ್ ಹ್ಯಾಂಡ್ ಬಟ್ಟೆ ಎಲ್ಲಿ ನೋಡಿ ಕೊಳ್ಳಬಹುದು? ಬಟ್ಟೆ ತಂದು ಹೊಲಿಸಿದರೆ ಕಡಿಮೆ ಬೀಳುತ್ತದಾ? ಪಿಜಿ ಕೋಣೆಯಲ್ಲಿ ಮೆಷಿನ್ ಇಟ್ಟುಕೊಂಡವರು ಯಾರಾದರೂ ಇದ್ದೀರಾ?

ಮಾಟುಂಗಾ ಸೂಜಿದಾರ

ಆ 399ರ ಕುರ್ತಾ ಯಾಕೆ ತಿರುಚುತ್ತದೆ ಅಂದರೆ, ಬಟ್ಟೆ ಉಳಿಸಲು ಎಳೆಯ ನೇರಕ್ಕೆ ಇಡದೆ ಸ್ವಲ್ಪ ಓರೆಯಾಗಿ ಇಟ್ಟು ಕತ್ತರಿಸಿರುತ್ತಾರೆ. ಒಗೆದಾಗ ನೂಲು ತನ್ನ ದಾರಿ ಹಿಡಿಯುತ್ತದೆ, ಹೊಲಿಗೆ ಅದರ ಹಿಂದೆ ಹೋಗುತ್ತದೆ. ಎಷ್ಟು ಇಸ್ತ್ರಿ ಮಾಡಿದರೂ ಸರಿಹೋಗಲ್ಲ. ಅದನ್ನು ಮನೆಯಲ್ಲಿ ಹಾಕಿಕೊಳ್ಳಿ.

ನಾನು ಮನೆಯಲ್ಲೇ ಆಲ್ಟರೇಷನ್ ಮಾಡುತ್ತೇನೆ. ನನ್ನ ಕೈಗೆ ಬರುವ ಬಟ್ಟೆ ನೋಡಿ ಹೇಳುವುದಾದರೆ, ದುಡ್ಡು ಬಟ್ಟೆಗೆ ಹಾಕಿ, ಫಿಟ್ಟಿಂಗ್‌ಗೆ ಹಾಕಿ. ಲೇಬಲ್‌ಗೆ ಬೇಡ. ಬಿಕೆಸಿ ಲಿಫ್ಟ್‌ನಲ್ಲಿ ಚೆನ್ನಾಗಿ ಕಾಣುವವರಲ್ಲಿ ಅರ್ಧ ಜನ ದುಬಾರಿ ಬಟ್ಟೆ ಹಾಕಿರಲ್ಲ, ಅಳತೆಗೆ ಸರಿಯಾದದ್ದು ಹಾಕಿರುತ್ತಾರೆ, ಅಷ್ಟೇ.

ಹಳೆಯದಾಗಲಿ ಹೊಸದಾಗಲಿ, ಮೊದಲು ಭುಜ ನೋಡಿ. ಭುಜದ ಹೊಲಿಗೆ ನಿಮ್ಮ ಭುಜದ ಮೂಳೆ ಮುಗಿಯುವ ಕಡೆ ಕೂತರೆ ಮಿಕ್ಕಿದ್ದನ್ನೆಲ್ಲ ಸರಿ ಮಾಡಬಹುದು. ಸೈಡ್ ಹಿಡಿಯಬಹುದು, ಉದ್ದ ಕಡಿಮೆ ಮಾಡಬಹುದು, ತೋಳು ಮೊಟಕು ಮಾಡಬಹುದು, ಬೆನ್ನಿಗೆ ಡಾರ್ಟ್ (ಮೈಗೆ ಕೂರಲು ಹಿಡಿಯುವ ಮಡಿಕೆ) ಕೊಡಬಹುದು. ಭುಜ ಇಳಿದಿದ್ದರೆ ತೋಳು ಪೂರ್ತಿ ಬಿಚ್ಚಿ, ಮುಂಡಾ, ಅಂದರೆ ತೋಳು ಕೂರುವ ಸುತ್ತು, ಹೊಸದಾಗಿ ಕತ್ತರಿಸಿ, ಮತ್ತೆ ಕೂರಿಸಬೇಕು. ಆ ಕೂಲಿಗೆ ಇನ್ನೊಂದು ಶರ್ಟೇ ಬರುತ್ತದೆ.

ಎರಡನೆಯದು, ಒಳಗಿನ ಮಾರ್ಜಿನ್. ರೆಡಿಮೇಡ್‌ನಲ್ಲಿ ಅಂಚಿನ ನೂಲು ಬಿಚ್ಚದ ಹಾಗೆ ಓವರ್‌ಲಾಕ್ ಹೊಡೆದು ಅರ್ಧ ಇಂಚೂ ಬಿಟ್ಟಿರಲ್ಲ. ಅದನ್ನು ಚಿಕ್ಕದು ಮಾಡಬಹುದು, ದೊಡ್ಡದು ಮಾಡಲಾಗದು. ಟೇಲರ್ ಹೊಲಿದ ಹಳೇ ಬಟ್ಟೆಯಲ್ಲಿ ಇಂಚಿನಷ್ಟು ಮಾರ್ಜಿನ್ ಮಡಚಿ ಇಟ್ಟಿರುತ್ತಾರೆ. ಅಂಥದ್ದು ಸಿಕ್ಕರೆ ಬಿಡಬೇಡಿ.

ಬಟ್ಟೆ ತಂದು ಹೊಲಿಯುವುದಾದರೆ ಮಂಗಳದಾಸ್ ಮಾರ್ಕೆಟ್. ಕ್ರಾಫರ್ಡ್ ಮಾರ್ಕೆಟ್ ಪಕ್ಕ, ಸಿಎಸ್‌ಎಂಟಿ ಸ್ಟೇಷನ್‌ನಿಂದ ನಡೆದೇ ಹೋಗಬಹುದು. ಭಾನುವಾರ ಮುಚ್ಚಿರುತ್ತದೆ, ಶನಿವಾರ ಬೆಳಿಗ್ಗೆ ಹೋಗಿ. ರೇಟ್ ಕೇಳುವ ಮೊದಲು ಪನ್ನಾ, ಅಂದರೆ ಬಟ್ಟೆಯ ಅಗಲ, ಎಷ್ಟು ಅಂತ ಕೇಳಿ. 44 ಇಂಚಿನ ಪನ್ನಾದಲ್ಲಿ ಮೊಣಕಾಲುದ್ದದ, ತೋಳಿರುವ ಕುರ್ತಾಗೆ ಎರಡೂವರೆ ಮೀಟರ್ ಸಾಕು. 58 ಇಂಚಿನದಾದರೆ ಪೂರ್ತಿ ತೋಳಿನ ಶರ್ಟ್‌ಗೆ 1.6 ಮೀಟರ್, ಪ್ಯಾಂಟ್‌ಗೆ 1.2ರಿಂದ 1.3. ಅಂಗಡಿಯವರು ಮೂರು ಮೀಟರ್ ಅನ್ನುತ್ತಾರೆ. ಟೇಲರ್ ಕೂಡ ಮೂರು ಅನ್ನುತ್ತಾರೆ. ಇಬ್ಬರಿಗೂ ಅವರವರ ಕಾರಣ ಇದೆ.

ಥಾನಿನ (ಸುತ್ತಿಟ್ಟ ಪೂರ್ತಿ ಬಟ್ಟೆಯ) ಕೊನೆಯಲ್ಲಿ ಉಳಿದ ಕಟ್ ಪೀಸ್ ಕೇಳಿ, ತಾವಾಗಿ ತೋರಿಸಲ್ಲ. ಕಾಟನ್ ಅಂತ ಕೊಟ್ಟರೆ ಅಂಚಿನ ನಾಲ್ಕು ಎಳೆ ಕಿತ್ತು ಮನೆಗೆ ತಂದು ಬೆಂಕಿ ತಾಗಿಸಿ. ಕಾಟನ್ ಕಾಗದ ಸುಟ್ಟ ವಾಸನೆ ಬಂದು ಮೆತ್ತಗಿನ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ರೇಷ್ಮೆ, ಉಣ್ಣೆ ಕೂದಲು ಸುಟ್ಟ ವಾಸನೆ. ಕಾಟನ್ ಆದರೆ ಒಂದು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಆಮೇಲೆ ಕತ್ತರಿ ಹಾಕಿ.

ಕಲ್ಯಾಣ್ ಸ್ಲೋ

ಸೂಜಿದಾರ ಅವರೇ, ಎಲ್ಲ ಸರಿ, ಹೊಲಿಗೆ ಕೂಲಿ ಮಾತ್ರ ಲೆಕ್ಕಕ್ಕೆ ಬಂದಿಲ್ಲ. ಲೈನಿಂಗ್ ಇರುವ ಕುರ್ತಾಗೆ ಬಟ್ಟೆಗಿಂತ ಕೂಲಿ ಜಾಸ್ತಿ ಆಗುವುದು ಈಗ ಮಾಮೂಲು. ಅವರೇ ಹೊಲಿಯುವುದಾದರೆ ಮಂಗಳದಾಸ್. ಇಲ್ಲದಿದ್ದರೆ ಎಕ್ಸ್‌ಪೋರ್ಟ್ ಸರ್‌ಪ್ಲಸ್ ಹುಡುಕಿ ಅನ್ನುತ್ತೇನೆ, ಅಂದರೆ ವಿದೇಶಕ್ಕೆ ಹೊಲಿದು ಉಳಿದ ಅಥವಾ ತಿರಸ್ಕಾರವಾದ ಮಾಲು.

ಆಜಾದ್ ಮೈದಾನದ ಹತ್ತಿರದ ಫ್ಯಾಷನ್ ಸ್ಟ್ರೀಟ್, ಬಾಂದ್ರಾದ ಹಿಲ್ ರೋಡ್, ಲಿಂಕಿಂಗ್ ರೋಡ್ ಎಲ್ಲರಿಗೂ ಗೊತ್ತು. ಆದರೆ ಲೇಬಲ್ ಕತ್ತರಿಸಿದ್ದೆಲ್ಲ ಎಕ್ಸ್‌ಪೋರ್ಟ್ ಮಾಲಲ್ಲ. ಲೋಕಲ್ ಮಾಲಿಗೂ ಲೇಬಲ್ ಕತ್ತರಿಸಿ ನೇತು ಹಾಕುತ್ತಾರೆ, ಅದೊಂದು ಶೃಂಗಾರ. ಒಳಗೆ ತಿರುಗಿಸಿ ನೋಡಿ. ಸೈಡ್ ಹೊಲಿಗೆಯಲ್ಲಿ ನಾಲ್ಕೈದು ಭಾಷೆಯಲ್ಲಿ ಹೇಗೆ ಒಗೆಯಬೇಕು ಅಂತ ಬರೆದ ಪಟ್ಟಿ ಇದೆಯಾ? ಜೇಬಿನ ಚೌಕಳಿ ಎದೆಯ ಚೌಕಳಿಗೆ ಕೂಡಿದೆಯಾ? ಒಂದು ಸ್ಪೇರ್ ಗುಂಡಿ ಹೊಲಿದಿದ್ದಾರಾ? ಇವಿಷ್ಟು ಇದ್ದರೆ ಮಾಲು ಸರಿ. ಆಮೇಲೆ ಅದು ಯಾಕೆ ತಿರಸ್ಕಾರ ಆಯಿತು ಅಂತ ಹುಡುಕಿ. ಗುಂಡಿ ಇಲ್ಲ, ಹೊಲಿಗೆ ಒಂದು ಕಡೆ ಬಿಟ್ಟಿದೆ ಅಂದರೆ ಕಣ್ಣುಮುಚ್ಚಿ ತಗೊಳ್ಳಿ. ಎರಡು ತೋಳಿನ ಬಣ್ಣ ಬೇರೆ ಇದ್ದರೆ ಬಿಡಿ. ಅಂಗಡಿಯ ಹಳದಿ ಬಲ್ಬ್ ಕೆಳಗೆ ಅದು ಕಾಣಲ್ಲ, ಹೊರಗೆ ಬಿಸಿಲಿಗೆ ತಂದು ನೋಡಿ.

ಜೀನ್ಸ್ ಬೇಕಾದರೆ ನಮ್ಮ ಕಡೆ ಬನ್ನಿ. ಕಲ್ಯಾಣ್ ಆದ ಮೇಲೆ ಉಲ್ಲಾಸನಗರದಲ್ಲಿ ಜೀನ್ಸ್ ಹೊಲಿಯುವ ಘಟಕಗಳೇ ತುಂಬಿವೆ. ಬಟ್ಟೆ ಅಂಗಡಿಗಳಿಗೆ ಗಜಾನನ ಮಾರ್ಕೆಟ್. ಘಾಟ್ಕೋಪರ್‌ನಿಂದ ಸಂಜೆ ಗರ್ದಿಯಲ್ಲಿ ಹೊರಡಬೇಡಿ, ಜೀನ್ಸ್ ಬರುತ್ತದೆ, ನೀವು ಬರಲ್ಲ.

ಕೋಟು, ಬ್ಲೇಜರ್, ಬೆಲ್ಟ್, ಹಿತ್ತಾಳೆ ಗುಂಡಿಗೆ ಚೋರ್ ಬಜಾರ್. ಶುಕ್ರವಾರ ಮಟನ್ ಸ್ಟ್ರೀಟ್‌ನ ಪುರಾತನ ವಸ್ತುಗಳ ಅಂಗಡಿ ಮುಚ್ಚಿರುತ್ತವೆ, ಆದರೆ ಬೀದಿಯಲ್ಲಿ ಜುಮ್ಮಾ ಬಜಾರ್ ಹಾಸಿರುತ್ತದೆ. ಬೆಳಿಗ್ಗೆ ಬೇಗ ಹೋದಷ್ಟೂ ಒಳ್ಳೆಯದು. ಒಂದು ಎಚ್ಚರಿಕೆ: ಚರ್ಮದ ಹಾಗೆ ಕಾಣುವ ರೆಕ್ಸಿನ್ ಜಾಕೆಟ್ ಮುಟ್ಟಬೇಡಿ. ಅದರ ಮೇಲಿನ ಪಾಲಿಯುರೆಥೇನ್ ಪದರ ಗಾಳಿಯ ತೇವಕ್ಕೇ ಕೆಡುತ್ತದೆ. ಮುಂಬೈ ಮಳೆಗಾಲ ಒಂದು ದಾಟಿದರೆ ಕುತ್ತಿಗೆ ತುಂಬ ಕಪ್ಪು ಹೊಟ್ಟು.

ಕುಂದಾಪ್ರದ ಮಾಣಿ

ನನ್ನದೊಂದು ತಕರಾರು. ಯಾರೋ ಹಾಕಿ ಬಿಟ್ಟದ್ದು, ಬೆವರಿದ್ದು, ಸತ್ತವರದ್ದೂ ಇರಬಹುದು. ಅದನ್ನು ದುಡ್ಡು ಕೊಟ್ಟು ತರೋದಾ? ನನ್ನ ಅಮ್ಮನಿಗೆ ಗೊತ್ತಾದರೆ ಬಟ್ಟೆ ಜೊತೆ ನನ್ನನ್ನೂ ಬಾವಿಕಟ್ಟೆಯಲ್ಲೇ ನಿಲ್ಲಿಸಿ ನೀರು ಸುರೀತಾರೆ. ಹೊಸ ಎರಡು ಜೊತೆ ಸಾಕು, ಒಗೆದು ಒಗೆದು ಹಾಕಿಕೊಂಡರಾಯಿತು.

ಲಾಲ್‌ಬಾಗ್ ಅಜ್ಜಿ

ಮಾಣಿ, ನೀನು ಚಿಕ್ಕವನಿದ್ದಾಗ ಅಣ್ಣನ ಚಡ್ಡಿ ಹಾಕಿಲ್ವಾ?

ನಾವು ಮುಂಬೈಯ ಲಾಲ್‌ಬಾಗ್‌ನಲ್ಲಿ ಬೆಳೆದವರು. ಬಟ್ಟೆ ಮಿಲ್‌ಗಳು ಓಡುತ್ತಿದ್ದ ಕಾಲದಲ್ಲಿ ತುಂಡು ಬಟ್ಟೆ, ಫೆಂಟ್ ಅಂತಿದ್ದರು, ತೂಕಕ್ಕೆ ಸಿಗುತ್ತಿತ್ತು. ಚಾಳಿನ ಮಕ್ಕಳ ಫ್ರಾಕು, ದಿಂಬಿನ ಚೀಲ, ಪರದೆ ಎಲ್ಲ ಅದರಲ್ಲೇ. 1982ರ ಜನವರಿಯಲ್ಲಿ ಮುಷ್ಕರ ಶುರುವಾಯಿತು, ಎಷ್ಟೋ ಮಿಲ್‌ಗಳು ಮತ್ತೆ ತೆರೆಯಲೇ ಇಲ್ಲ. ಆ ಮೇಲಿನ ವರ್ಷಗಳಲ್ಲಿ ಎಷ್ಟೋ ಮನೆ ನಡೆದದ್ದು ಹೆಂಗಸರ ಹೊಲಿಗೆ ಮೆಷಿನ್ ಮೇಲೆ, ಖಾನಾವಳಿ ಡಬ್ಬಿ ಮೇಲೆ. ಕಾಲರ್ ಸವೆದರೆ ಶರ್ಟ್ ಎಸೆಯುತ್ತಿರಲಿಲ್ಲ. ಕಾಲರ್ ಬಿಚ್ಚಿ, ತಿರುಗಿಸಿ, ಸವೆದ ಮಗ್ಗುಲು ಕೆಳಗೆ ಮಾಡಿ ಮತ್ತೆ ಹೊಲಿಯುತ್ತಿದ್ದೆವು. ಈಗಲೂ ಮಾಡಬಹುದು, ಒಂದು ಮಧ್ಯಾಹ್ನದ ಕೆಲಸ.

ಇನ್ನು ಈ ಹಳೇ ಬಟ್ಟೆ ಎಲ್ಲಿಂದ ಬರುತ್ತದೆ ಅಂದರೆ, ನಿಮ್ಮ ಮನೆಯಿಂದಲೇ. ಸ್ಟೀಲ್ ಪಾತ್ರೆ ಬುಟ್ಟಿ ಹೊತ್ತು ಬರುವ ಬೋಹಾರಿಣಿಯರನ್ನು ಇಲ್ಲಿ ನೋಡಿರುತ್ತೀರಿ. ಹೆಚ್ಚಿನವರು ಗುಜರಾತ್ ಮೂಲದ ವಾಘ್ರಿ ಸಮುದಾಯದವರು. ನೀವು ಎರಡು ಸೀರೆ, ಒಂದು ಪ್ಯಾಂಟ್ ಕೊಟ್ಟು ಡಬ್ಬಿ ತಗೊಳ್ಳುತ್ತೀರಿ. ಅವರು ಅದನ್ನು ವಿಂಗಡಿಸಿ ಬೆಳಗಿನ ಜಾವದ ಬಜಾರಿನಲ್ಲಿ ಮಾರುತ್ತಾರೆ. ಅಲ್ಲಿಂದ ಒಗೆದು, ರಿಪೇರಿಯಾಗಿ, ಇಸ್ತ್ರಿಯಾಗಿ ಬೀದಿಗೆ ಬರುತ್ತದೆ. ಹರಿದದ್ದು ಕಾರ್ಖಾನೆಗಳಲ್ಲಿ ಮೆಷಿನ್ ಒರೆಸುವ ಬಟ್ಟೆಯಾಗುತ್ತದೆ. ಸತ್ತವರದ್ದು ಅಂತ ಯಾಕೆ ಅಂದುಕೊಳ್ಳಬೇಕು? ದಪ್ಪಗಾದವರದ್ದೇ ಜಾಸ್ತಿ.

ಕುಂದಾಪ್ರದ ಮಾಣಿ

ಅಣ್ಣನ ಚಡ್ಡಿ ಬೇರೆ, ಗೊತ್ತಿಲ್ಲದವನ ಚಡ್ಡಿ ಬೇರೆ ಅಜ್ಜಿ. ನಾನು ಒಪ್ಪಲ್ಲ. ಕಾಲರ್ ತಿರುಗಿಸುವುದು ಮಾತ್ರ ಕಲಿಯಬೇಕು ಅನ್ನಿಸಿತು.

ಮಾಟುಂಗಾ ಸೂಜಿದಾರ

ಒಳ ಉಡುಪು, ಸಾಕ್ಸ್, ಈಜುಡುಗೆ ಹಳೆಯದು ಕೊಳ್ಳಬೇಡಿ. ಮಾಣಿಗೆ ಅಷ್ಟು ಮಟ್ಟಿಗೆ ನನ್ನ ವೋಟು.

ಉಳಿದದ್ದಕ್ಕೆ ಉಪಾಯ ಇದೆ. ತಂದ ಕೂಡಲೇ ಕಪಾಟಿಗೆ ಸೇರಿಸಬೇಡಿ, ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿಡಿ. ಪಿಜಿಯಲ್ಲಿ ತಿಗಣೆ ಬಂದರೆ ನಾಲ್ಕು ಜನರ ಶಾಪ. ಕಾಟನ್ ಆದರೆ 60 ಡಿಗ್ರಿಯ ಬಿಸಿನೀರಲ್ಲಿ ಒಗೆಯಿರಿ, ತಿಗಣೆಯೂ ಮೊಟ್ಟೆಯೂ ಉಳಿಯಲ್ಲ. ಬಣ್ಣ ಬಿಡುತ್ತದಾ ಅಂತ ಮೊದಲು ಒಳಗಿನ ಅಂಚಿನಲ್ಲಿ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿ. ಮುಗ್ಗಲು ವಾಸನೆಗೆ ಒಂದು ಬಕೆಟ್ ನೀರಿಗೆ ಒಂದು ಲೋಟ ಬಿಳಿ ವಿನೆಗರ್ ಹಾಕಿ ಅರ್ಧ ಗಂಟೆ ನೆನೆಸಿ, ಆಮೇಲೆ ಮಾಮೂಲು ಒಗೆತ, ಬಿಸಿಲು. ರೇಷ್ಮೆ, ಉಣ್ಣೆಗೆ ಬಿಸಿನೀರು ಬೇಡ. ಡ್ರೈ ಕ್ಲೀನ್‌ಗೆ ಕೊಡಿ, ಆ ಖರ್ಚನ್ನೂ ಚೌಕಾಸಿ ಮಾಡುವಾಗಲೇ ಲೆಕ್ಕ ಹಾಕಿ.

ಹೋಗದೇ ಇರುವ ಕಲೆಗಳು: ಕಂಕುಳಿನ ಹಳದಿ ಮತ್ತು ಬೂಷ್ಟಿನ ಕಪ್ಪು ಚುಕ್ಕೆ. ನೂರು ರೂಪಾಯಿಗೆ ಸಿಕ್ಕರೂ ಬೇಡ. ಪ್ಯಾಂಟ್ ಆದರೆ ತೊಡೆ ಮಧ್ಯದ ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ, ಜಾಲರಿ ಕಂಡರೆ ವಾಪಸ್ ಇಡಿ. ಶರ್ಟ್ ಕಾಲರ್‌ನಲ್ಲಿ ಗುಳ್ಳೆ ಎದ್ದಿದ್ದರೆ ಕಾಲರ್ ಗಟ್ಟಿ ನಿಲ್ಲಲು ಒಳಗೆ ಅಂಟಿಸಿದ ಬಟ್ಟೆ, ಫ್ಯೂಸಿಂಗ್, ಅಂಟು ಬಿಟ್ಟಿದೆ ಅಂತ ಅರ್ಥ. ಅದಕ್ಕೆ ಇಸ್ತ್ರಿ ಮದ್ದಲ್ಲ.

ಮುಲುಂಡ್ ಎಂಜಿನಿಯರ್

ಸಿಟ್ಟು ಬರುವ ಒಂದು ವಿಷಯ ಹೇಳಲಾ? ಈಗ ಜುಮ್ಮಾ ಬಜಾರ್‌ಗೆ ಕಾಲೇಜ್ ಹುಡುಗರು ದೊಡ್ಡ ಚೀಲ ಹಿಡಿದು ಬರುತ್ತಾರೆ. ಒಳ್ಳೆಯ ಜಾಕೆಟ್ ಎಲ್ಲ ಎತ್ತಿಕೊಂಡು ಹೋಗಿ, ಗೋಡೆಗೆ ನೇತು ಹಾಕಿ ಫೋಟೋ ಹೊಡೆದು, ವಿಂಟೇಜ್ ಅಂತ ಐದು ಪಟ್ಟು ರೇಟ್‌ಗೆ ಇನ್‌ಸ್ಟಾಗ್ರಾಮ್‌ನಲ್ಲಿ ಮಾರುತ್ತಾರೆ. ನಮ್ಮ ಸೊಸೈಟಿಯ ರಾತ್ರಿ ವಾಚ್‌ಮನ್ ಸ್ವೆಟರ್ ಕೊಳ್ಳುತ್ತಿದ್ದದ್ದು ಅದೇ ರಾಶಿಯಲ್ಲಿ. ಅವರಿಗೆ ಈಗ ಉಳಿದದ್ದು ಏನು?

ಕಲ್ಯಾಣ್ ಸ್ಲೋ

ಅರ್ಧ ಒಪ್ಪುತ್ತೇನೆ. ಆದರೆ ರಾಶಿಯಲ್ಲಿ ಕೂತು ಆರಿಸಿ, ಒಗೆದು, ಜಿಪ್ ಬದಲಿಸಿ, ಅಳತೆ ಬರೆದು ಹಾಕುವುದೂ ಕೆಲಸ ತಾನೇ? ರಾಶಿ ಹಾಸಿದವರಿಗೂ ಗಿರಾಕಿ ಹೆಚ್ಚಾದರೆ ಲಾಭವೇ. ನನಗೆ ಸಿಟ್ಟು ಬರುವುದು ಅಳತೆ ಹಾಕದೆ ಫ್ರೀ ಸೈಜ್ ಅಂತ ಬರೆಯುವವರ ಮೇಲೆ.

ಘಾಟ್ಕೋಪರ್ ಅವರೇ, ಅಂಥ ಪೇಜ್‌ನಲ್ಲಿ ಕೊಳ್ಳುವುದಾದರೆ ಎದೆ, ಭುಜ, ಉದ್ದ ಮೂರೂ ಇಂಚಿನಲ್ಲಿ ಕೇಳಿ. ನಿಮಗೆ ಸರಿಯಾಗಿ ಕೂರುವ ಒಂದು ಶರ್ಟನ್ನು ಮಂಚದ ಮೇಲೆ ಹಾಸಿ ಅಳೆದು ಫೋನ್‌ನಲ್ಲಿ ಬರೆದಿಟ್ಟುಕೊಳ್ಳಿ. ಬಜಾರ್‌ಗೂ ಅದೇ ಪಟ್ಟಿ, ಜೊತೆಗೊಂದು ಟೇಪು. ಬೀದಿಯಲ್ಲಿ ಟ್ರಯಲ್ ರೂಮ್ ಇರಲ್ಲ.

ಕೋಥ್ರೂಡ್ ಕೌದಿ

ಪುಣೆಯಿಂದ ಒಂದು ಹಾಜರಿ. ನಮಗೆ ಮಂಗಳವಾರ ಪೇಠೆ ಕಡೆ ಜುನಾ ಬಜಾರ್ ಇದೆ, ಬುಧವಾರ ಮತ್ತು ಭಾನುವಾರ. ಅಲ್ಲಿ ಬಟ್ಟೆಗಿಂತ ಹಳೇ ಕತ್ತರಿ, ಇಸ್ತ್ರಿಪೆಟ್ಟಿಗೆ, ಮೆಷಿನ್ ಬಿಡಿಭಾಗ ಚೆನ್ನಾಗಿ ಸಿಗುತ್ತವೆ. ಲೇಸು, ಗುಂಡಿ, ಜಿಪ್ಪಿಗೆ ರವಿವಾರ ಪೇಠೆಯ ಬೋಹ್ರಿ ಆಳಿ. ಮುಂಬೈಯಲ್ಲಿ ಅದೇ ಕೆಲಸಕ್ಕೆ ಭುಲೇಶ್ವರ್. ಗುಂಡಿ ಬದಲಿಸುವುದನ್ನು ಯಾರೂ ಹೇಳಲಿಲ್ಲ ನೋಡಿ! ಅಗ್ಗದ ಶರ್ಟ್‌ನ ಗುರುತೇ ಅದರ ಹೊಳೆಯುವ ಪ್ಲಾಸ್ಟಿಕ್ ಗುಂಡಿ. ಅದನ್ನು ಕಿತ್ತು ಚಿಪ್ಪಿನದೋ ಮರದ್ದೋ ಹಾಕಿದರೆ ಬಟ್ಟೆಯ ಅಂದಾಜೇ ಬದಲಾಗುತ್ತದೆ.

ನನ್ನ ಆಫೀಸ್ ಗುಟ್ಟು ಬೇರೆ. ಅಜ್ಜಿಯ ಇಳಕಲ್ ಸೀರೆ, ನಡುವಿನಲ್ಲಿ ಹರಿದಿತ್ತು. ಅಂಚು ಉಳಿಸಿಕೊಂಡು ತೋಳಿಲ್ಲದ ಉದ್ದ ಜಾಕೆಟ್ ಹೊಲಿದೆ, ಬಿಳಿ ಕುರ್ತಾ ಮೇಲೆ ಹಾಕುತ್ತೇನೆ. ಪುಣೆಯ ಮರಾಠಿ ಗೆಳತಿಯರು ಎಲ್ಲಿ ತಗೊಂಡೆ ಅಂತ ಇವತ್ತಿಗೂ ಕೇಳುತ್ತಾರೆ. ಉಳಿದ ಚೂರುಗಳನ್ನು ಕೌದಿಗೆ ಇಟ್ಟಿದ್ದೇನೆ.

ಬಾಗಲಕೋಟೆ ಬಾರ್ಡರ್

ಇಳಕಲ್‌ಗೆ ಕತ್ತರಿ! ಓದಿ ಎದೆ ಧಸಕ್ಕೆಂದಿತು. ನಡುವೆ ಹರಿದರೆ ರಫೂ ಮಾಡಿಸಿ ಉಡಬಹುದಿತ್ತಲ್ಲ? ಕೈಮಗ್ಗದಲ್ಲಿ ದಿನಗಟ್ಟಲೆ ಕೂತು ನೇಯ್ದದ್ದನ್ನು ಜಾಕೆಟ್ ಮಾಡಿ ಬಿಕೆಸಿಗೆ ಕಳಿಸಬೇಕಾ?

ಕೋಥ್ರೂಡ್ ಕೌದಿ

ನನ್ನದು ಪುಣೆ, ಬಿಕೆಸಿ ಅಲ್ಲ. ರಫೂ ಮಾಡಿದ ಕಡೆ ಬಿಟ್ಟು ಪಕ್ಕದಲ್ಲಿ ಹರಿಯುತ್ತಿತ್ತು, ರೇಷ್ಮೆ ಎಳೆಯೇ ಜೀರ್ಣ ಆಗಿತ್ತು. ಟ್ರಂಕಿನಲ್ಲಿ ಮಡಿಕೆ ಬಿಟ್ಟು ಪುಡಿಯಾಗುವುದಕ್ಕಿಂತ ಇದು ವಾಸಿ ಅಲ್ವಾ? ನಮ್ಮ ಉತ್ತರ ಕರ್ನಾಟಕದಲ್ಲಿ ಹಳೇ ಸೀರೆ ಕೌದಿಯಾಗುವುದು ಯಾವತ್ತಿನಿಂದಲೂ ಇದೆ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿ ನೋಡಿ, ಒಂದೊಂದು ಚೂರೂ ಯಾರದೋ ಉಟ್ಟ ಬಟ್ಟೆ. ಇಲ್ಲಿ ಮರಾಠಿಯವರ ಗೋಧಡಿಯೂ ಅದೇ. ಚೆನ್ನಾಗಿರುವ ಸೀರೆಗೆ ಕತ್ತರಿ ಹಾಕಿ ಅಂತ ನಾನು ಹೇಳಲಿಲ್ಲ.

ಬಾಗಲಕೋಟೆ ಬಾರ್ಡರ್

ಸರಿ, ಜೀರ್ಣ ಆಗಿದ್ದರೆ ಬೇರೆ ಮಾತು. ಹಾಗಾದರೆ ಮಿಕ್ಕವರಿಗೆ ಒಂದು ಕಿವಿಮಾತು. ಇಳಕಲ್‌ನಲ್ಲಿ ಒಡಲಿನ ಹಾಸಿನ ಎಳೆ (ಉದ್ದಕ್ಕೆ ಹೋಗುವುದು) ಬೇರೆ, ಸೆರಗಿನದು ಬೇರೆ. ಎರಡನ್ನೂ ಕುಣಿಕೆ ಕುಣಿಕೆಯಾಗಿ ಸೇರಿಸಿರುತ್ತಾರೆ, ಅದಕ್ಕೆ ಕೊಂಡಿ ಅನ್ನುತ್ತಾರೆ. ಆ ಗೆರೆಯ ಹತ್ತಿರ ಕತ್ತರಿ ಹಾಕಬೇಡಿ, ಕುಣಿಕೆ ಬಿಚ್ಚಿಕೊಳ್ಳುತ್ತದೆ. ಸೆರಗು ಬೇಕಾದರೆ ಗೆರೆಯಿಂದ ಒಂದು ಗೇಣು ಒಡಲಿನ ಕಡೆಗೆ ಬಿಟ್ಟು ಕತ್ತರಿಸಿ. ಹೊಸದೇ ಬೇಕು, ದುಡ್ಡು ಕಡಿಮೆ ಅಂದರೆ ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆ, ತಗೊಳ್ಳಿ. ಸಾದಾ ಕುರ್ತಾದ ಎದೆಪಟ್ಟಿಗೆ, ಕಾಲರ್‌ಗೆ ಒಂದು ತುಂಡು ಸಾಕು.

ಘಾಟ್ಕೋಪರ್ ಪಿಜಿ

ಎಲ್ಲರಿಗೂ ಥ್ಯಾಂಕ್ಸ್! ಶನಿವಾರ ಮಂಗಳದಾಸ್‌ಗೆ ಹೋಗಿದ್ದೆ. ಕಟ್ ಪೀಸ್ ಕೇಳಿದ್ದಕ್ಕೆ ಮೇಜಿನ ಕೆಳಗಿಂದ ಒಂದು ಗಂಟೇ ತೆಗೆದರು. ನೀಲಿ ಅಚ್ಚಿನ ಕಾಟನ್, ಎರಡು ಕುರ್ತಾಗೆ ಆಗುವಷ್ಟು. ಚರ್ಚ್‌ಗೇಟ್ ಕಡೆ ನಡೆದು ಹೋಗಿ ಫ್ಯಾಷನ್ ಸ್ಟ್ರೀಟ್‌ನಲ್ಲಿ ಗಂಡಸರ ಲಿನನ್ ಶರ್ಟ್ ಒಂದು ತಂದೆ. ಭುಜ ಸರಿ ಇದೆ, ಸೈಡ್ ಹಿಡಿಯಬೇಕು. ಇಷ್ಟಾಗಿಯೂ ಈ ತಿಂಗಳ ಬಜೆಟ್‌ನಲ್ಲಿ ಸ್ವಲ್ಪ ಉಳಿದಿದೆ.

ಈಗ ಮೆಷಿನ್. ಓನರ್ ಆಂಟಿಯ ಹತ್ತಿರ ಕೈಯಲ್ಲಿ ತಿರುಗಿಸುವ ಕಪ್ಪು ಉಷಾ ಇದೆ, ಬಹಳ ವರ್ಷ ಮುಟ್ಟಿಲ್ಲವಂತೆ. ಕಡಿಮೆಗೆ ಕೊಡುತ್ತಾರಂತೆ. ತಗೊಳ್ಳಲಾ, ಹೊಸ ಮೋಟಾರ್ ಮೆಷಿನ್‌ಗೆ ಕಾಯಲಾ?

ಮುಲುಂಡ್ ಎಂಜಿನಿಯರ್

ಕಪ್ಪು ಮೆಷಿನ್ ಕಣ್ಣುಮುಚ್ಚಿ ತಗೊಳ್ಳಿ ಅನ್ನೋರು ಬಹಳ ಜನ. ಕಣ್ಣು ತೆರೆದೇ ತಗೊಳ್ಳಿ. ಒಳಗೆಲ್ಲ ಲೋಹದ ಭಾಗ, ಸವೆದರೆ ಬಿಡಿಭಾಗ ಸಿಗುತ್ತದೆ, ಅದು ನಿಜ. ಚಕ್ರವನ್ನು ನಿಧಾನವಾಗಿ ಪೂರ್ತಿ ಸುತ್ತಿ, ಎಲ್ಲೂ ಹಿಡಿಯಬಾರದು. ಸೂಜಿ ಕಂಬವನ್ನು ಬೆರಳಲ್ಲಿ ಹಿಡಿದು ಅಲುಗಿಸಿ, ಅಲುಗಾಡಿದರೆ ಒಳಗೆ ಸವೆದಿದೆ. ಬಟ್ಟೆ ತಳ್ಳುವ ಹಲ್ಲು ಮುಟ್ಟಿ ನೋಡಿ, ಚೂಪಾಗಿರಬೇಕು. ಕೆಳಗಿನ ದಾರ ಓಡಿಸುವ ಶಟಲ್ ಇರುವ ಕಡೆ ತುಕ್ಕಿದ್ದರೆ ರೇಟ್ ಇನ್ನೂ ಇಳಿಸಿ.

ಎಣ್ಣೆ ಅಂದರೆ ಹೊಲಿಗೆ ಮೆಷಿನ್ ಎಣ್ಣೆಯನ್ನೇ ಹಾಕಿ. ಕೊಬ್ಬರಿ ಎಣ್ಣೆ ಹಾಕುವವರು ನಮ್ಮಲ್ಲಿ ಇನ್ನೂ ಇದ್ದಾರೆ, ಅದು ದಿನ ಕಳೆದಂತೆ ಗೋಂದಿನ ಹಾಗೆ ಅಂಟುತ್ತದೆ. ಈ ಮೆಷಿನ್‌ಗೆ ಬರೋದು ನೇರ ಹೊಲಿಗೆ ಮಾತ್ರ. ಅಂಚಿಗೆ ಓವರ್‌ಲಾಕ್ ಬೇಕಾದರೆ ಫಾಲ್-ಪಿಕೋ ಅಂಗಡಿಯಲ್ಲಿ ಮಾಡಿಸಿ, ಕಡಿಮೆಗೆ ಮಾಡುತ್ತಾರೆ. ಕೈ ಮೆಷಿನ್ ಪಿಜಿಗೆ ಒಳ್ಳೆಯದೇ, ರಾತ್ರಿ ಮೋಟಾರ್ ಸದ್ದಿಗೆ ರೂಮ್‌ಮೇಟ್ ಎದ್ದು ಕೂರಲ್ಲ. ಕೆಳಗೆ ಮಡಚಿದ ಬೆಡ್‌ಶೀಟ್ ಹಾಕಿ.

ಘಾಟ್ಕೋಪರ್ ಪಿಜಿ

ತಗೊಂಡೆ! ಎಣ್ಣೆ ಹಾಕಿ ಒಂದು ದಿನ ಬಿಟ್ಟೆ, ಈಗ ಸಲೀಸಾಗಿ ತಿರುಗುತ್ತದೆ. ಹಳೇ ಸೂಜಿ ತುಕ್ಕು ಹಿಡಿದಿತ್ತು, ಹತ್ತಿರದ ಅಂಗಡಿಯಲ್ಲಿ 14 ನಂಬರ್ ಅಂತ ಕೇಳಿ ಹೊಸದು ತಂದು ಹಾಕಿದೆ. ಆದರೆ ಮೂರು ಟಾಕಿ (ಸೂಜಿ ಹಾಕುವ ಒಂದೊಂದು ಹೊಲಿಗೆ) ಬಿದ್ದರೆ ಎರಡು ತಪ್ಪುತ್ತದೆ. ದಾರದ ಬಿಗಿ ಹೊಂದಿಸುವ ಟೆನ್ಷನ್ ಸ್ಕ್ರೂ ಎರಡೂ ಕಡೆ ತಿರುಗಿಸಿ ನೋಡಿದೆ, ಅದೇ ಕಥೆ. ನೀಲಿ ಕಾಟನ್ ಕತ್ತರಿಸಿ ಇಟ್ಟಿದ್ದೇನೆ, ಧೈರ್ಯ ಬರುತ್ತಿಲ್ಲ.

ಮಾಟುಂಗಾ ಸೂಜಿದಾರ

ಟೆನ್ಷನ್ ಮುಟ್ಟಬೇಡಿ ಮಾರಾಯ್ತಿ. ಸೂಜಿ ಬಿಚ್ಚಿ ಮೇಲ್ಭಾಗ ನೋಡಿ. ಪೂರ್ತಿ ದುಂಡಗಿದೆಯಾ, ಒಂದು ಕಡೆ ಚಪ್ಪಟೆ ಇದೆಯಾ?

ಘಾಟ್ಕೋಪರ್ ಪಿಜಿ

ಪೂರ್ತಿ ದುಂಡಗಿದೆ.

ಮಾಟುಂಗಾ ಸೂಜಿದಾರ

ಸಿಕ್ಕಿತು ನೋಡಿ. ಅದು ಕಾರ್ಖಾನೆಯ ಜೂಕಿ ಮೆಷಿನ್‌ಗೆ ಹಾಕುವ ಸೂಜಿ. ಅಂಗಡಿಯವರಿಗೆ ನಂಬರ್ ಒಂದೇ ಕೇಳಿದರೆ ಅದನ್ನೇ ಕೊಡುತ್ತಾರೆ, ಟೇಲರ್‌ಗಳು ಕೊಳ್ಳುವುದು ಅದೇ. ನಿಮಗೆ ಬೇಕಾದದ್ದು ಚಪ್ಪಟೆ ತಲೆಯ ಮನೆ ಮೆಷಿನ್ ಸೂಜಿ. ಕಾಟನ್ ಕುರ್ತಾಗೆ 14 ಸರಿ, ಬಟ್ಟೆ ತೆಳು ಇದ್ದರೆ 11, ಜೀನ್ಸ್‌ಗೆ 16. ಹಾಕುವಾಗ ಸೂಜಿಯ ಉದ್ದ ಗೀರು ದಾರ ಪೋಣಿಸುವ ಕಡೆಗೆ ಇರಬೇಕು, ಪೂರ್ತಿ ಮೇಲಕ್ಕೆ ತಳ್ಳಿ ಸ್ಕ್ರೂ ಬಿಗಿ ಮಾಡಿ. ಕತ್ತರಿಸಿ ಉಳಿದ ಚೂರನ್ನು ಎರಡು ಪದರ ಮಾಡಿ ಅದರ ಮೇಲೆ ಮೊದಲು ಓಡಿಸಿ.

ಕೋಥ್ರೂಡ್ ಕೌದಿ

ಮುಂದೆ ಟಿ-ಶರ್ಟ್ ಬಟ್ಟೆ ಹೊಲಿಯುವಾಗಲೂ ಟಾಕಿ ತಪ್ಪುತ್ತದೆ, ಈಗಲೇ ಹೇಳಿಬಿಡುತ್ತೇನೆ. ಅದಕ್ಕೆ ತುದಿ ದುಂಡಗಿರುವ ಬಾಲ್ ಪಾಯಿಂಟ್ ಸೂಜಿ ಬೇರೆ ಬರುತ್ತದೆ, ಭುಲೇಶ್ವರ್‌ಗೆ ಹೋದಾಗ ಒಂದು ಪ್ಯಾಕೆಟ್ ತಂದಿಡಿ. ಹೊಲಿಯುವಾಗ ಬಟ್ಟೆ ಎಳೆಯಬೇಡಿ. ಕೆಳಗೆ ಹಳೇ ಪತ್ರಿಕೆಯ ಪಟ್ಟಿ ಇಡುವವರು ಇದ್ದಾರೆ, ಅದರ ಮಸಿ ಬಟ್ಟೆಗೆ ಹತ್ತುತ್ತದೆ. ಬಟ್ಟೆ ಅಂಗಡಿ ಪೊಟ್ಟಣದೊಳಗಿನ ತೆಳು ಬಿಳಿ ಕಾಗದ ಇಡಿ, ಹೊಲಿದ ಮೇಲೆ ಹರಿದು ತೆಗೆದರಾಯಿತು.

ಕುಂದಾಪ್ರದ ಮಾಣಿ

ಘಾಟ್ಕೋಪರ್ ಅವರೇ, ಮೆಷಿನ್ ಸರಿಯಾದರೆ ನನ್ನ ಎರಡು ಶರ್ಟಿನ ಕಾಲರ್ ತಿರುಗಿಸಿ ಕೊಡುತ್ತೀರಾ? ಶರ್ಟ್ ನನ್ನದೇ, ಒಗೆದೇ ತರುತ್ತೇನೆ.